ಜಾಲ್ಸೂರಿಗೆ ಕಳುಹಿಸಿದ ಚೀಲ

ಸುರಕ್ಷಾ ಮೊದಲ ಬಾರಿ ಮೆಟ್ಟಿಲು ಹತ್ತಿ ಬಂದ ದಿನ ಸೇವಂತಿ ಅವಳ ಹೆಸರನ್ನು ಪುಸ್ತಕದಲ್ಲಿ ಬರೆದುಕೊಂಡಳು, ಎದುರಿಗೆ 137 ಎಂದು ಸಂಖ್ಯೆ ಹಾಕಿದಳು, "ಕೂತ್ಕೊಳ್ಳಿ" ಎಂದಳು. ಅಷ್ಟೇ. ಗುರುತಿನ ನಗು ಇಲ್ಲ, ಮನೆಯಲ್ಲಿ ಹೇಗಿದ್ದಾರೆ ಎಂಬ ಮಾತಿಲ್ಲ. ಸುರಕ್ಷಾ ಒಂದು ಕ್ಷಣ ಬಾಗಿಲಲ್ಲೇ ನಿಂತು, ಆಮೇಲೆ ತಲೆಯಾಡಿಸಿ ಕೂತಳು. ಸೇವಂತಿ ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

ಹನ್ನೊಂದು ವರ್ಷಗಳ ಹಿಂದೆ ಸೇವಂತಿಯ ಗಂಡ ಕೃಷ್ಣಮೋಹನನಿಗೆ ಮೊದಲು ನಿಶ್ಚಯವಾದದ್ದು ಈ ಸುರಕ್ಷಾಳ ಜೊತೆ. ವೀಳ್ಯ ಬದಲಾಗಿತ್ತು, ಸುಳ್ಯದಲ್ಲಿ ಹಾಲ್ ಗೊತ್ತು ಮಾಡಿಯಾಗಿತ್ತು, ಧಾರೆ ಸೀರೆಯನ್ನು ಸುರಕ್ಷಾಳನ್ನೇ ಅಂಗಡಿಗೆ ಕರೆದುಕೊಂಡು ಹೋಗಿ ಆರಿಸಿದ್ದರು. ಕೊಯಿಲದ ಜಾನುವಾರು ಫಾರ್ಮಿನಲ್ಲಿ ಟ್ರ್ಯಾಕ್ಟರ್ ಓಡಿಸುವ ಹುಡುಗನ ಕೆಲಸ ಗುತ್ತಿಗೆಯದು, ಖಾಯಂ ಅಲ್ಲ ಎಂದು ಹುಡುಗಿಯ ಮನೆಯವರಿಗೆ ತಡವಾಗಿ ತಿಳಿಯಿತು. ಸಂಬಂಧ ಮುರಿದರು. ಆದರೆ ಹಾಲ್ ಬಿಡುವುದು ಹೇಗೆ? ಹುಡುಗನ ಮರ್ಯಾದೆ ಎಂತಾಗಬೇಕು? ದಿನ ಬದಲಾಗಲಿಲ್ಲ, ಅಡುಗೆಯವರು ಬದಲಾಗಲಿಲ್ಲ, ಫೋಟೋದವನು ಬದಲಾಗಲಿಲ್ಲ. ಹುಡುಗಿ ಬದಲಾದಳು. ಹದಿನೇಳು ದಿನಗಳೊಳಗೆ ಸಿಕ್ಕಿದವಳು ಸೇವಂತಿ. ಇನ್ನೊಬ್ಬಳು ಮೆಚ್ಚಿ ಆರಿಸಿದ ಹಸಿರಂಚಿನ ಸೀರೆ ಉಟ್ಟು ಅವಳು ಧಾರೆಗೆ ನಿಂತಳು. "ನಿನಗೇ ಹೇಳಿ ಮಾಡಿಸಿದ ಹಾಗೆ ಉಂಟಲ್ಲ ಮಾರಾಯ್ತಿ" ಎಂದು ಹೆಂಗಸರು ಹೊಗಳಿದಾಗ ಅವಳಿಗೆ ಆ ಸೀರೆಯನ್ನು ಅಲ್ಲೇ ಬಿಚ್ಚಿ ಎಸೆಯಬೇಕು ಅನಿಸಿತ್ತು.

ಹೆಣ್ಣನ್ನು ಖಾಲಿ ಕುರ್ಚಿಗೆ ತಂದು ಕೂರಿಸುವ ಈ ಏರ್ಪಾಟನ್ನು ಯಾರೂ ಅನ್ಯಾಯ ಎನ್ನುವುದಿಲ್ಲ. ಅನುಕೂಲ ಎನ್ನುತ್ತಾರೆ. ಹಾಗೆ ಕೂತವಳಿಗೆ ಸಿಟ್ಟು ಬಂದರೆ ಅದು ಮದುವೆ ಹಾಲ್‌ನ ಮೇಲೆ, ಹಿರಿಯರ ಮೇಲೆ ಬರಬೇಕು. ಬರುವುದಿಲ್ಲ. ಬರುವುದು ಆ ಕುರ್ಚಿಯಲ್ಲಿ ಮೊದಲು ಕೂತಿದ್ದ ಹೆಣ್ಣಿನ ಮೇಲೆ. ಏರ್ಪಾಟು ನಡೆಯುವುದೇ ಹಾಗೆ.

ಸೇವಂತಿ ಈಗ ಕೆಲಸ ಮಾಡುತ್ತಿದ್ದದ್ದು ಪುತ್ತೂರಿನ ಬಸ್ ನಿಲ್ದಾಣದಿಂದ ಕೂಗಳತೆಯಲ್ಲಿದ್ದ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ, ಜಸೀನಾ ಎಂಬ ಮನಶ್ಶಾಸ್ತ್ರಜ್ಞೆಯ ಆಫೀಸಿನಲ್ಲಿ. ಹೊರಗಿನ ಬೋರ್ಡಿನಲ್ಲಿ 'ಜಸೀನಾ' ಎಂದಷ್ಟೇ ಇತ್ತು. ಅದೇ ಮೆಟ್ಟಿಲು ಕನ್ನಡಕದ ಅಂಗಡಿಗೂ ಡ್ರೈವಿಂಗ್ ಸ್ಕೂಲಿಗೂ ಹೋಗುತ್ತಿದ್ದುದರಿಂದ ಹತ್ತುವವರು ಎಲ್ಲಿಗೆ ಹತ್ತುತ್ತಾರೆ ಎಂದು ಕೆಳಗಿನವರಿಗೆ ತಿಳಿಯುತ್ತಿರಲಿಲ್ಲ. ಬರುವುದು ಮುಂದಿನ ಮೆಟ್ಟಿಲಿನಿಂದ, ಹೋಗುವುದು ಹಿಂದಿನ ಮೆಟ್ಟಿಲಿನಿಂದ, ಒಬ್ಬರಿಗೂ ಇನ್ನೊಬ್ಬರಿಗೂ ಇಪ್ಪತ್ತು ನಿಮಿಷದ ಅಂತರ. ಒಳಕೋಣೆಯ ಬಾಗಿಲ ಬುಡದಲ್ಲಿ ಒಂದು ಹಳೆಯ ಟೇಬಲ್ ಫ್ಯಾನ್ ಗಾಳಿಗಲ್ಲ, ಸದ್ದಿಗೆ ತಿರುಗುತ್ತಿತ್ತು. ಒಳಗಿನ ಮಾತು ಅದರ ಗರಗರದಲ್ಲಿ ಕರಗಬೇಕು. ಯಾರ ಮನೆಗೂ ಇಲ್ಲಿಂದ ಫೋನ್ ಹೋಗಬಾರದು, ಮನೆಯ ಫೋನನ್ನು ಯಾರು ಎತ್ತುತ್ತಾರೋ ಯಾರಿಗೆ ಗೊತ್ತು. ಯಾರಾದರೂ ಏನಾದರೂ ಮರೆತು ಹೋದರೆ ಅದು ಡ್ರಾಯರಿನಲ್ಲೇ ಇರಬೇಕು, ಮರೆತವರೇ ಬಂದು ಕೇಳುವವರೆಗೆ. ಹೆಸರಿನ ಪುಸ್ತಕವಿರುವ ಡ್ರಾಯರಿನ ಕೀಲಿ ಸೇವಂತಿಯ ಬಳಿ, ಬರೀ ಸಂಖ್ಯೆ ಹಾಕಿದ ಕಡತಗಳ ಕಪಾಟಿನ ಕೀಲಿ ಜಸೀನಾಳ ಬಳಿ. ಯಾರು ಬರುತ್ತಾರೆ ಎಂದು ಸೇವಂತಿಗೆ ಗೊತ್ತು, ಏನು ಹೇಳುತ್ತಾರೆ ಎಂದು ಗೊತ್ತಿಲ್ಲ.

ಇದನ್ನೆಲ್ಲ ಕಲಿಯುವುದು ಅವಳಿಗೆ ಸುಲಭವಾಗಿರಲಿಲ್ಲ. ಮೊದಲ ತಿಂಗಳಲ್ಲೇ, ಬೆಳ್ಳಾರೆ ಕಡೆಯ ಒಬ್ಬ ಹೆಂಗಸನ್ನು "ನೀವು ಯಾವ ಮನೆಯವರು?" ಎಂದು ಕೇಳಿಬಿಟ್ಟಿದ್ದಳು. ಈ ಊರುಗಳಲ್ಲಿ ಅದು 'ಊಟ ಆಯ್ತಾ' ಎಂದ ಹಾಗೆ. ಮನೆ ಹೆಸರು ಸಿಕ್ಕಿದರೆ ಅಜ್ಜ, ಅತ್ತೆ, ಜಾಗದ ತಕರಾರು, ಎಲ್ಲ ಸಿಕ್ಕಿತು. ಆ ಹೆಂಗಸು ಮತ್ತೆ ಬರಲಿಲ್ಲ.

"ನಾನೆಂತ ಕೆಟ್ಟದು ಕೇಳಿದೆ ಮೇಡಂ? ಪ್ರೀತಿಯಲ್ಲಿ ಕೇಳಿದ್ದು."

"ಗೊತ್ತುಂಟು ಸೇವಂತಿಯಕ್ಕ," ಎಂದಿದ್ದಳು ಜಸೀನಾ. "ಅವರು ಬಂದದ್ದು ಒಂದು ಗಂಟೆಯಾದ್ರೂ ಯಾವ ಮನೆಯವರೂ ಅಲ್ಲದೆ ಇರ್ಲಿಕ್ಕೆ. ನೀವು ಬಾಗಿಲಲ್ಲೇ ವಾಪಸ್ ಮನೆಗೆ ಕಳಿಸಿದ್ರಿ."

ಸುರಕ್ಷಾ ಬಂದ ದಿನವೂ ಜಸೀನಾ ಕೇಳಿದಳು. "ಈಗ ಬಂದವರು ನಿಮಗೆ ಗೊತ್ತಾ? ಗೊತ್ತಿದ್ರೆ ಹೇಳಿ. ಅವರ ಹೆಸರು, ಸಮಯ ನಾನೇ ನೋಡಿಕೊಳ್ತೇನೆ."

ಗೊತ್ತು ಎಂದರೆ ಹೆಚ್ಚು ಹೇಳಬೇಕಾಗುತ್ತದೆ. "ಮುಖ ಕಂಡು ಗೊತ್ತು. ಅಷ್ಟೇ" ಎಂದಳು ಸೇವಂತಿ. ಸುರಕ್ಷಾಳ ಗಂಡ ರೂಪೇಶ್ ತನಗೆ ತಾಯಿಯ ಕಡೆಯಿಂದ ದೂರದ ಅಣ್ಣನಾಗಬೇಕು ಎಂಬುದನ್ನೂ ಹೇಳಲಿಲ್ಲ.

ಅಂದಿನಿಂದ ಗುರುವಾರದ ಹನ್ನೊಂದೂವರೆ ಅವಳಿಗೆ ಹಲ್ಲುನೋವಿನ ಹಾಗಾಯಿತು. ಬುಧವಾರವೇ ಶುರುವಾಗುತ್ತಿತ್ತು. ಸುರಕ್ಷಾ ಯಾವ ಬಣ್ಣದ ಚೂಡಿದಾರ, ಕಿವಿಯಲ್ಲಿ ಯಾವುದು, ಕಳೆದ ವಾರಕ್ಕಿಂತ ತೆಳ್ಳಗಾದಳಾ ದಪ್ಪಗಾದಳಾ. ಆ ಬಾಗಿಲ ಹಿಂದೆ ಅವಳು ಯಾರ ಬಗ್ಗೆ ಮಾತಾಡುತ್ತಾಳೆ? ಬೇರೆ ಯಾರ ಬಗ್ಗೆ, ಎನ್ನುತ್ತಿತ್ತು ಹೊಟ್ಟೆಯೊಳಗಿನ ಉರಿ. ಕೃಷ್ಣಮೋಹನನ ಬಗ್ಗೆಯೇ. ತಪ್ಪಿಹೋದ ಗಂಡಿನ ಬಗ್ಗೆ. ಮನೆಯಲ್ಲಿ ಕೃಷ್ಣಮೋಹನ ಅನ್ನಕ್ಕೆ ಸಾರು ಬಡಿಸಿಕೊಂಡು ಫಾರ್ಮಿನ ಹೊಸ ಹುಲ್ಲು ಕತ್ತರಿಸುವ ಯಂತ್ರದ ವಿಷಯ ಹೇಳುತ್ತಿದ್ದರೆ ಅವಳು ಅವನ ಮುಖದಲ್ಲಿ ಹುಡುಕುತ್ತಿದ್ದದ್ದು ಬೇರೆಯದನ್ನು.

"ಎಂತ ಹಾಗೆ ನೋಡುದು? ಮೀಸೆಯಲ್ಲಿ ಅನ್ನ ಉಂಟಾ?"

"ಉಂಟು" ಎಂದಳು, ಇಲ್ಲದಿದ್ದರೂ.

ನಾಲ್ಕನೆಯ ಗುರುವಾರ ಅವಳು ಫ್ಯಾನಿನ ವೇಗ ಒಂದಕ್ಕೆ ಇಳಿಸಿದಳು. ಮಾತು ಕೇಳಿಸಲಿಲ್ಲ. ಕೇಳಿಸಿದ್ದು ನಗು. ಸುರಕ್ಷಾ ಒಳಗೆ ಗಟ್ಟಿಯಾಗಿ, ಹೊಟ್ಟೆಯಿಂದ ನಗುತ್ತಿದ್ದಳು. ಅತ್ತಿದ್ದರೆ ಸೇವಂತಿ ಕ್ಷಮಿಸುತ್ತಿದ್ದಳೇನೋ. ಅಳುವವರಿಗೆ ನೀರು ಕೊಡಬಹುದು, ಪಾಪ ಎನ್ನಬಹುದು. ಹನ್ನೊಂದು ವರ್ಷ ತನ್ನ ಸೀರೆಯೊಳಗೆ ಬಾಡಿಗೆಗೆ ಕೂತವಳು ಈಗ ಬಂದು ತನ್ನದೇ ಆಫೀಸಿನಲ್ಲಿ ಹೀಗೆ ನಗುವುದೆಂದರೆ?

ಆ ದಿನ ಸುರಕ್ಷಾ ಹಿಂದಿನ ಮೆಟ್ಟಿಲಿನಿಂದ ಹೋದ ಮೇಲೆ ಕುರ್ಚಿಯ ಕೆಳಗೆ ಒಂದು ಬಟ್ಟೆ ಚೀಲ ಉಳಿದಿತ್ತು. ಒಳಗೆ ಹೊಲಿಗೆಯ ಅಭ್ಯಾಸದ ತುಂಡುಗಳು, ಅರ್ಧ ಹೊಲಿದ ಒಂದು ಮಗುವಿನ ಲಂಗ, ಕತ್ತರಿ. ಸೇವಂತಿಗೆ ಆಗ ಅರ್ಥವಾಯಿತು. ಮನೆಯಲ್ಲಿ ಇವಳು ಪುತ್ತೂರಿಗೆ ಟೈಲರಿಂಗ್ ಕ್ಲಾಸಿಗೆ ಹೋಗುವುದು ಎಂದು ಹೇಳಿ ಬರುವುದು.

ಚೀಲ ಡ್ರಾಯರಿಗೆ ಹೋಗಬೇಕಿತ್ತು. ಸೇವಂತಿ ಅದನ್ನು ಮಧ್ಯಾಹ್ನ ಊಟದ ಹೊತ್ತಿಗೆ ಬಸ್ ನಿಲ್ದಾಣಕ್ಕೆ ತೆಗೆದುಕೊಂಡು ಹೋದಳು. ಇಲ್ಲಿ ಯಾರೂ ಸಣ್ಣ ವಸ್ತುವನ್ನು ಅಂಚೆಗೆ ಹಾಕುವುದಿಲ್ಲ. ಮಾತ್ರೆ, ಮಲ್ಲಿಗೆ, ಮಿಕ್ಸಿಯ ಜಾರ್, ಮದುವೆ ಕಾಗದ, ಎಲ್ಲ ಬಸ್ಸಿನವರ ಕೈಯಲ್ಲೇ ಹೋಗುವುದು. ಸ್ಟಾಪಿನಲ್ಲಿ ಯಾರೋ ಕಾದಿರುತ್ತಾರೆ, ಇಲ್ಲವೇ ಹತ್ತಿರದ ಅಂಗಡಿಯಲ್ಲಿ ಇಳಿಸಿ ಹೋಗುತ್ತಾರೆ.

ಸುಳ್ಯ ಬಸ್ಸಿನ ಕಂಡಕ್ಟರ್ ಹಕೀಮ್ ಚೀಲವನ್ನು ಎತ್ತಿ ನೋಡಿದ. "ಎಂತ ಅಕ್ಕ, ಮೀನಾ?"

"ಮೀನಾದ್ರೆ ನಿಮ್ಮ ಮೂಗಿಗೆ ಮೊದಲೇ ಗೊತ್ತಾಗ್ತಿತ್ತು. ಜಾಲ್ಸೂರು ಜಂಕ್ಷನ್‌ನಲ್ಲಿ ರೂಪೇಶಣ್ಣನ ಪಂಪ್‌ಸೆಟ್ಟಿನ ಅಂಗಡಿ ಉಂಟಲ್ಲ, ಅಲ್ಲಿ ಕೊಡಿ. ಅವರ ಹೆಂಡತಿದು. ಮರೆತು ಹೋದದ್ದು."

"ಯಾರು ಕೊಟ್ಟದ್ದು ಅಂತ ಹೇಳ್ಬೇಕು?"

ಯಾರೂ ಅಲ್ಲ ಎನ್ನಬಹುದಿತ್ತು. ಟೈಲರಿಂಗ್ ಕ್ಲಾಸಿನವರು ಎನ್ನಬಹುದಿತ್ತು. ಅವಳು ಎಲ್ಲಿ ಕೆಲಸ ಮಾಡುವುದೆಂದು ರೂಪೇಶನಿಗೆ ಚೆನ್ನಾಗಿ ಗೊತ್ತು.

"ಸೇವಂತಿ ಕೊಟ್ಟದ್ದು ಅಂತ ಹೇಳಿ."

ಬಸ್ಸು ಹೋದ ಮೇಲೆ ಅವಳು ಒಂದು ಲಿಂಬೆ ಸೋಡ ಕುಡಿದಳು. ಯಾರು ಕೇಳಿದರೂ ಹೇಳಲು ಉತ್ತರವಿತ್ತು. ಎಲ್ಲರೂ ಕಳುಹಿಸುವ ಹಾಗೆ ಕಳುಹಿಸಿದ್ದು, ಉಪಕಾರಕ್ಕೆ. ಆ ಉತ್ತರವನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿ ನೋಡಿದಳು. ಎರಡು ಸಲವೂ ಸರಿಯಾಗಿ ಬಂತು.

ಶನಿವಾರ ರೂಪೇಶ್ ಮೆಟ್ಟಿಲು ಹತ್ತಿ ಬಂದ. ಬಿಳಿ ಅಂಗಿ, ಕೈಯಲ್ಲಿ ಎರಡು ಫೋನ್. ಸೇವಂತಿಯನ್ನು ಕಂಡೂ ಕಾಣದವನ ಹಾಗೆ ಸೀದಾ ಜಸೀನಾಳ ಬಾಗಿಲಿಗೆ ಹೋದ. ಒಳಗೆ ಯಾರೂ ಇರಲಿಲ್ಲ. ಜಸೀನಾಳೇ ಹೊರಗೆ ಬಂದಳು.

"ನನ್ನ ಹೆಂಡತಿ ಸುರಕ್ಷಾ ಇಲ್ಲಿಗೆ ಬರ್ತಾಳಾ?"

"ಯಾರು ಬರ್ತಾರೆ, ಯಾರು ಬರುದಿಲ್ಲ ಅಂತ ನಾವು ಹೇಳುದಿಲ್ಲ."

"ನಾನು ಗಂಡ."

"ಗಂಡ ಆದ್ರೂ."

"ಹಾಗಾದ್ರೆ ಬರುದಿಲ್ಲ ಅಂತ ಹೇಳಿ. ಹೋಗ್ತೇನೆ."

"ಅದನ್ನೂ ಹೇಳುದಿಲ್ಲ."

ರೂಪೇಶ್ ನಕ್ಕ. "ಒಳ್ಳೆ ವ್ಯಾಪಾರ ಮಾರಾಯ್ರೆ. ನಾನು ಅಂಗಡಿಯಲ್ಲಿ ಪಂಪ್ ಉಂಟಾ ಅಂತ ಕೇಳಿದವ್ರಿಗೆ ಉಂಟು ಅಂತಲೂ ಹೇಳುದಿಲ್ಲ, ಇಲ್ಲ ಅಂತಲೂ ಹೇಳುದಿಲ್ಲ ಅಂದ್ರೆ ಬೀಗ ಹಾಕಿ ಕೂರ್ಬೇಕಾದೀತು."

"ಪಂಪು ನಿಮ್ಮದು. ಇಲ್ಲಿರುದು ಯಾವುದೂ ನನ್ನದಲ್ಲ, ಹೇಳಿದವ್ರದ್ದು. ಅವ್ರು ಬರೆದು ಕೊಟ್ರೆ ಮಾತ್ರ ಇನ್ನೊಬ್ರಿಗೆ."

ರೂಪೇಶನ ನಗು ಹೋಯಿತು. "ನಮ್ಮ ಮನೆ ಹೆಂಗಸರ ಗುಟ್ಟು ಬ್ಯಾರಿಗಳ ಕಪಾಟಿನಲ್ಲಿ ಉಂಟು ಅಂತ ಊರಿಗೆ ಗೊತ್ತಾದ್ರೆ ಎಂತಾಗ್ತದೆ ಅಂತ ಗೊತ್ತುಂಟಾ ನಿಮಗೆ?"

"ನಮ್ಮ ಮುಸ್ಲಿಂ ಗಂಡಸರೂ ಬಂದು ಇದೇ ಕೇಳಿದ್ದಾರೆ. 'ನಮ್ಮ ಗುಟ್ಟು ಆ ಗೌಡ್ತಿಯ ಕೈಯಲ್ಲಿ ಯಾಕೆ' ಅಂತ." ಜಸೀನಾ ಸೇವಂತಿಯತ್ತ ಕೈ ತೋರಿಸಿದಳು. "ಅವ್ರಿಗೂ ಇದೇ ಉತ್ತರ ಕೊಟ್ಟದ್ದು. ಕೋರ್ಟು ಕೇಳಿದ್ರೆ ಕೋರ್ಟಿಗೆ ಹೇಳುವ. ಅದಕ್ಕೆ ಕಾಯ್ದೆ ಉಂಟು. ನೀವು ಬಂದ ಮೆಟ್ಟಿಲು ಆ ಕಡೆ."

ಅವನು ಹೋದ ಮೇಲೆ ಜಸೀನಾ ಬಾಗಿಲು ಮುಚ್ಚಿದಳು. "ಎಲ್ಲಿಂದ ಹೋಯ್ತು ಇದು?" ಎಂದಳು, ಸೇವಂತಿಯನ್ನಲ್ಲ, ಗೋಡೆಯನ್ನು. ಸೇವಂತಿ ಹೆಸರಿನ ಪುಸ್ತಕವನ್ನು ನೇರ ಮಾಡಿ ಇಟ್ಟಳು.

ಸೋಮವಾರ ಸಂಜೆ ಉಪ್ಪಿನಂಗಡಿ ಬಸ್ಸಿಗೆ ಕಾಯುತ್ತಿದ್ದಾಗ ರೂಪೇಶ್ ಅವಳ ಪಕ್ಕದಲ್ಲೇ ಬಂದು ಕೂತ. ಈಗ ಅವನು ಅಣ್ಣ. ಚಾ ತರಿಸಿದ.

"ನೀನೊಬ್ಳು ನಮ್ಮವಳು ಅಂತ ಇದ್ದದ್ದಕ್ಕೆ ಗೊತ್ತಾಯ್ತು, ತಂಗೀ. ಇಲ್ಲದಿದ್ರೆ ನಾನು ಹೊಲಿಗೆ ಹೊಲಿಗೆ ಅಂತಲೇ ಇರ್ತಿದ್ದೆ. ಚೀಲ ಅಂಗಡಿಯಲ್ಲೇ ಉಂಟು. ಅವಳಿಗೆ ಹೇಳ್ಲಿಲ್ಲ. ಬಸ್ಸಿನಲ್ಲಿ ಕಳೆದುಹೋಯ್ತು ಅಂತ ಹುಡುಕ್ತಾ ಇದ್ದಾಳೆ. ಹುಡುಕ್ಲಿ."

ಸೇವಂತಿಗೆ ಚಾ ಸುಟ್ಟಿತು. "ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಜಾಗ್ರತೆ ಮಾಡ್ತಾಳೆ. ವಕೀಲರು ಹೇಳಿದ್ದು, ಮನಸ್ಸಿನ ಡಾಕ್ಟ್ರ ಕಾಗದದಲ್ಲಿ ಇವಳ ತಲೆ ಸರಿ ಇಲ್ಲ ಅನ್ನುವ ಒಂದು ಸಾಲು ಸಿಕ್ಕಿದ್ರೆ ಸಾಕಂತೆ. ಮಗಳು ನಮ್ಮಲ್ಲಿ ಉಳೀತಾಳೆ, ಇವಳು ತಾಯಿ ಮನೆಗೆ ಹೋಗ್ಲಿ. ನೀನು ಆ ಕಾಗದದ ಫೋಟೋ ತೆಗೆದು ಕಳಿಸು. ಅಷ್ಟೇ."

"ಕಪಾಟಿನ ಕೀಲಿ ನನ್ನ ಹತ್ರ ಇಲ್ಲ."

"ಇವತ್ತು ಇಲ್ಲ." ಅವನು ದನಿ ತಗ್ಗಿಸಿದ. "ನಿನಗೂ ಓದುವ ಅಂತ ಇಲ್ವಾ? ಕೃಷ್ಣಮೋಹನ ಭಾವನ ಹೆಸರು ಬಾರದೆ ಇರ್ತದಾ ಅದ್ರಲ್ಲಿ? ವೀಳ್ಯ ಆದ ಗಂಡು. ಅವಳು ನನ್ನ ಹತ್ರ ಸರಿಯಾಗಿ ಮಾತಾಡದೆ ಎರಡು ವರ್ಷ ಆಯ್ತು. ಅಲ್ಲಿ ಆ ಜಸೀನಾಳ ಹತ್ರ ವಾರ ವಾರ ಒಂದು ಗಂಟೆ ಮಾತಾಡ್ತಾಳಂತೆ. ಎಂತ ಉಂಟು ಅಷ್ಟು? ನನಗೆ ಹೇಳದ್ದು ಎಂತ ಉಂಟು?"

ಆ ಕೊನೆಯ ಪ್ರಶ್ನೆ ಕೇಳುವಾಗ ಅವನ ಮುಖ ಹೇಗಾಯಿತೆಂದರೆ, ಸೇವಂತಿ ಬೇರೆ ಕಡೆ ನೋಡಬೇಕಾಯಿತು. ಅದು ತನ್ನದೇ ಮುಖ. ಬಿಳಿ ಅಂಗಿ ಹಾಕಿಕೊಂಡು, ಮೀಸೆ ಇಟ್ಟುಕೊಂಡು ತನ್ನ ಹೊಟ್ಟೆಯ ಉರಿಯೇ ಪಕ್ಕದಲ್ಲಿ ಕೂತು ಚಾ ಕುಡಿಯುತ್ತಿತ್ತು.

ಹೆಂಗಸಿನ ಕಾಲು ಮುರಿದರೆ ಊರೇ ಬಂದು ಹಣ್ಣು ಕೊಟ್ಟು ಹೋಗುತ್ತದೆ. ಅವಳ ಮನಸ್ಸು ಮುರಿದರೆ ಬರುವುದು ವಕೀಲ. ಅವಳ ನಿದ್ದೆ ಹೋದದ್ದು ಯಾರಿಂದ ಎಂದು ಯಾರೂ ಕೇಳುವುದಿಲ್ಲ, ನಿದ್ದೆ ಹೋದದ್ದನ್ನು ಬರೆದ ಕಾಗದ ಎಲ್ಲಿದೆ ಎಂದು ಕೇಳುತ್ತಾರೆ. ಜೋಯಿಸರಿಗೆ ಹೇಳಲಿ, ದೈವದ ದರ್ಶನದಲ್ಲಿ ಹತ್ತು ಜನರೆದುರು ಬಾಯಿಬಿಡಲಿ, ಯಾರಿಗೂ ಅಡ್ಡಿಯಿಲ್ಲ. ಆ ಸಂಕಟವೆಲ್ಲ ಮನೆತನದ ಆಸ್ತಿ. ಬೀಗ ಹಾಕಿದ ಕೋಣೆಯಲ್ಲಿ ತನ್ನ ಸಂಕಟವನ್ನು ತನ್ನದೇ ಎಂದು ಇಟ್ಟುಕೊಂಡಳೋ, ಅವಳಿಗೆ ಹುಚ್ಚು.

"ನೋಡ್ತೇನೆ" ಎಂದಳು ಸೇವಂತಿ. ಬಸ್ಸು ಬಂತು. ಆತೂರು ದಾಟುವವರೆಗೂ ಅವಳ ತಲೆಯಲ್ಲಿ ಇದ್ದದ್ದು ಸುರಕ್ಷಾಳ ಮಗಳಲ್ಲ, ಭಾವನ ಹೆಸರು ಬಾರದೆ ಇರ್ತದಾ ಎಂಬ ಮಾತು.

ರೂಪೇಶ್ ಬಂದುಹೋದದ್ದರಿಂದ ಜಸೀನಾ ಮರದ ಕಪಾಟನ್ನು ನಂಬಲಿಲ್ಲ. ಮಂಗಳವಾರ ಹೊಸ ಉಕ್ಕಿನ ಕಪಾಟು ತರಿಸಿದಳು. ಬುಧವಾರ ಬೆಳಗ್ಗೆ ಇಬ್ಬರೂ ಸೇರಿ ಕಡತಗಳನ್ನು ಸಾಗಿಸುತ್ತಿದ್ದರು. ಜಸೀನಾ ಸಂಖ್ಯೆ ಓದುವುದು, ಸೇವಂತಿ ಇಡುವುದು. ತೊಂಬತ್ತರ ಹತ್ತಿರ ಬಂದಾಗ ಜಸೀನಾಳ ಫೋನ್ ರಿಂಗಾಯಿತು. ಅತ್ತ ಯಾರೋ ಸಾಯುವ ಮಾತಾಡುತ್ತಿದ್ದರು. ಜಸೀನಾಳ ಮುಖ ಬದಲಾಯಿತು. "ನಾನು ಇದ್ದೇನೆ, ಹೇಳಿ, ಎಲ್ಲಿ ಕೂತಿದ್ದೀರಿ ಈಗ?" ಎನ್ನುತ್ತಲೇ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸೇವಂತಿ ನೆಲದ ಮೇಲಿನ ರಾಶಿಯಿಂದ 137 ಎಳೆದಳು. ಹುಡುಕಬೇಕಾಗಲಿಲ್ಲ, ಬೆಳಗ್ಗೆಯಿಂದ ಅದು ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಫೋನನ್ನು ಮೇಜಿನ ಮೇಲೆ ಇಟ್ಟು, ಕ್ಯಾಮರಾ ತೆರೆದಳು. ಕಡತದ ದಾರ ಬಿಚ್ಚಿದಳು.

ಮೊದಲ ಹಾಳೆ ಟಿಪ್ಪಣಿಯಲ್ಲ, ಎರಡು ಮೂರು ಸಲ ಬಂದ ಮೇಲೆ ಬಂದವರೇ ತುಂಬುವ ನಮೂನೆ. ಸುರಕ್ಷಾಳ ಅಕ್ಷರ ದುಂಡಗೆ, ಶಾಲೆಯ ಹುಡುಗಿಯ ಹಾಗೆ ಇತ್ತು. ನೀವು ಇಲ್ಲಿಗೆ ಬರುವುದು ಯಾರಿಗೆ ತಿಳಿಯಬಾರದು ಎಂಬಲ್ಲಿ 'ಮನೆಯಲ್ಲಿ ಯಾರಿಗೂ' ಎಂದಿತ್ತು. ಅದರ ಕೆಳಗೆ, ನಿಮಗೆ ಏನಾದರೂ ಆದರೆ ಯಾರನ್ನು ಕರೆಯಬೇಕು ಎಂಬಲ್ಲಿ ತಾಯಿಯ ಹೆಸರು ಬರೆದು ಹೊಡೆದುಹಾಕಿತ್ತು. ಅಣ್ಣನ ಹೆಸರು ಬರೆದು ಹೊಡೆದುಹಾಕಿತ್ತು. ಆಮೇಲೆ, 'ಸೇವಂತಿ. ಇಲ್ಲಿ ಹೊರಗೆ ಕೂತಿರುವವರು.' ಸಂಬಂಧ ಎಂಬಲ್ಲಿ, 'ಗೊತ್ತಿರುವವರು. ನೋಡಿದರೂ ಯಾರಿಗೂ ಹೇಳಲಿಲ್ಲ.'

ಪಕ್ಕದಲ್ಲಿ ಜಸೀನಾಳ ಸಣ್ಣ ಅಕ್ಷರ. 'ಸಿಬ್ಬಂದಿಯ ಹೆಸರು ಆಗುವುದಿಲ್ಲ ಎಂದು ತಿಳಿಸಿದೆ. ಬೇರೆ ಯಾರೂ ಇಲ್ಲ ಎಂದರು. ಮತ್ತೆ ಕೇಳಬೇಕು.'

ಸೇವಂತಿಗೆ ಮೊದಲು ಬಂದದ್ದು ಸಿಟ್ಟು. ಯಾರು ಕೇಳಿದರು ಇವಳನ್ನು ನಂಬು ಎಂದು? ದ್ವೇಷ ಮಾಡಲಿಕ್ಕೂ ಬಿಡದ ಹಾಗೆ ಮಾಡಿದ್ದಾಳಲ್ಲ. ಎರಡನೆಯ ಹಾಳೆಯ ಮೂಲೆ ಅವಳ ಬೆರಳಿನಡಿಯಲ್ಲೇ ಇತ್ತು. ತಿರುಗಿಸಿದರೆ ಸಿಗುತ್ತದೆ. ಕೃಷ್ಣಮೋಹನ ಇದ್ದಾನೆ ಅಥವಾ ಇಲ್ಲ. ಇದ್ದರೆ? ಇದ್ದರೆ ಆ ಹೆಸರನ್ನು ರೂಪೇಶನ ವಕೀಲ ಪುತ್ತೂರಿನ ಕೋರ್ಟಿನಲ್ಲಿ ಗಟ್ಟಿಯಾಗಿ ಓದುತ್ತಾನೆ. ಕೊಯಿಲಕ್ಕೆಲ್ಲ ಗೊತ್ತಾಗುತ್ತದೆ. ಇಲ್ಲದಿದ್ದರೆ? ಇಲ್ಲದಿದ್ದರೆ ಹನ್ನೊಂದು ವರ್ಷ ತಾನು ಉರಿದದ್ದು ಯಾವುದಕ್ಕೆ?

ಎರಡರಲ್ಲಿ ಯಾವುದು ಹೆಚ್ಚು ಭಯ ಎಂದು ಅವಳಿಗೆ ತಿಳಿಯಲಿಲ್ಲ. ಒಳಗಿನಿಂದ ಜಸೀನಾಳ ದನಿ ಬಿಟ್ಟು ಬಿಟ್ಟು ಬರುತ್ತಿತ್ತು. ಫೋನಿನಲ್ಲಿ ರೂಪೇಶನ ಸಂದೇಶ ಮೂಡಿತು. 'ಸಿಕ್ಕಿತಾ ತಂಗೀ?' ಆ ತಂಗೀ ಎಂಬುದನ್ನು ನೋಡುತ್ತಾ ಅವಳಿಗೆ ಒಂದು ವಿಷಯ ಮಾತ್ರ ಸ್ಪಷ್ಟವಾಯಿತು. ನಾಳೆ ಗುರುವಾರ. ಸುರಕ್ಷಾ ಏನೂ ಗೊತ್ತಿಲ್ಲದೆ ಇಲ್ಲಿಗೆ ಬರುತ್ತಾಳೆ, ಒಂದು ಗಂಟೆ ಮಾತಾಡುತ್ತಾಳೆ. ಹೊರಗೆ ಹಿಂದಿನ ಮೆಟ್ಟಿಲ ಬುಡದಲ್ಲಿ ಇವನು ನಿಂತಿರುತ್ತಾನೆ.

ದಾರ ಕಟ್ಟಿ ಕಡತವನ್ನು ಅದರ ಜಾಗದಲ್ಲಿ ಇಟ್ಟಳು.

ಜಸೀನಾ ಹೊರಗೆ ಬಂದಳು. "ಫೋನ್ ಮಾಡಿದವ್ರ ತಂಗಿ ಬಂದು ಜೊತೆಗಿದ್ದಾಳಂತೆ ಈಗ. ಬಚಾವಾದ್ರು" ಎಂದು ಕುರ್ಚಿಯಲ್ಲಿ ಕುಸಿದಳು. ಸೇವಂತಿ ನಿಂತೇ ಹೇಳಿದಳು. ಚೀಲ, ಹಕೀಮ್, ರೂಪೇಶನ ಚಾ, ಕಡತದ ಮೊದಲ ಹಾಳೆ. ಕೃಷ್ಣಮೋಹನನ ವಿಷಯವನ್ನೂ ಹೇಳಿದಳು.

ಜಸೀನಾ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಕೈ ಚಾಚಿ ಹೆಸರಿನ ಪುಸ್ತಕದ ಕೀಲಿ ತೆಗೆದುಕೊಂಡಳು.

"ಗೊತ್ತಾ ಅಂತ ನಾನು ಕೇಳಿದ್ದೆ."

"ಹೌದು."

"ನಾನೂ ಮತ್ತೆ ಕೇಳ್ಬೇಕಿತ್ತು. ಕೇಳ್ಲಿಲ್ಲ." ಅವಳು ಕೀಲಿಯನ್ನು ಅಂಗೈಯಲ್ಲಿ ತಿರುಗಿಸಿದಳು. "ನಾಳೆ ಅವರಿಗೆ ಹೇಳ್ಬೇಕು. ಅವ್ರ ವಿಷಯ ಹೊರಗೆ ಹೋದ್ರೆ ಮೊದಲು ಗೊತ್ತಾಗ್ಬೇಕಾದ್ದು ಅವರಿಗೆ. ನಾನು ಹೇಳ್ತೇನೆ. ಆದ್ರೆ ನೀವೂ ಎದುರಿಗೆ ಇರ್ಬೇಕು. ಆಮೇಲೆ ನಿಮಗೆ ಇಲ್ಲಿ ಕೆಲಸ ಇಲ್ಲ."

"ಗೊತ್ತುಂಟು."

ಗುರುವಾರ ಸುರಕ್ಷಾ ಹನ್ನೊಂದೂವರೆಗೆ ಐದು ನಿಮಿಷ ಇರುವಾಗ ಬಂದಳು. ಬಾಗಿಲಲ್ಲೇ ಕೇಳಿದಳು. "ಕಳೆದ ವಾರ ನನ್ನದೊಂದು ಚೀಲ ಇಲ್ಲಿ ಬಿಟ್ಟಿದ್ದೇನಾ? ಬಸ್ಸಿನಲ್ಲೆಲ್ಲ ಕೇಳಿ ಆಯ್ತು. ಮಗಳ ಲಂಗ ಇತ್ತು ಅದ್ರಲ್ಲಿ."

ಜಸೀನಾ ಮಾತು ಶುರು ಮಾಡುವ ಮೊದಲೇ ಸೇವಂತಿ ಹೇಳಿದಳು. "ಚೀಲ ರೂಪೇಶಣ್ಣನ ಅಂಗಡಿಯಲ್ಲಿ ಉಂಟು. ನಾನೇ ಕಳಿಸಿದ್ದು. ನನ್ನ ಹೆಸರು ಹೇಳಿ."

ಸುರಕ್ಷಾ ಕೂರಲಿಲ್ಲ. ಉಳಿದದ್ದನ್ನು ಜಸೀನಾ ಹೇಳಿದಳು, ವಕೀಲರ ಮಾತು, ಫೋಟೋದ ಬೇಡಿಕೆ, ಮೊದಲ ಹಾಳೆ ಸೇವಂತಿ ಓದಿದ್ದು, ಉಳಿದದ್ದು ಓದದೆ ಬಿಟ್ಟದ್ದು. ಎಲ್ಲ ಕೇಳಿದ ಮೇಲೆ ಸುರಕ್ಷಾ ಕೇಳಿದ್ದು ಒಂದೇ. "ವಾರದಿಂದ ಅವರಿಗೆ ಗೊತ್ತಿತ್ತಾ? ನಿನ್ನೆ ನನ್ನ ಜೊತೆ ಕೂತು ಚೀಲ ಎಲ್ಲಿ ಬಿಟ್ಟೆ ಅಂತ ನೆನಪು ಮಾಡ್ಲಿಕ್ಕೆ ಹೇಳಿದ್ರು. ಹುಡುಕ್ಲಿಕ್ಕೆ ಬಂದ್ರು ನನ್ನ ಜೊತೆ."

ಅವಳು ಸೇವಂತಿಯತ್ತ ತಿರುಗಿದಳು.

"ಯಾಕೆ ಸೇವಂತಿ?"

"ಹೊಟ್ಟೆಕಿಚ್ಚು" ಎಂದಳು ಸೇವಂತಿ. "ನೀನು ಆರಿಸಿದ ಸೀರೆಯಲ್ಲಿ ನನ್ನ ಮದುವೆ ಆದದ್ದು."

ಸುರಕ್ಷಾ ಅವಳನ್ನು ದಿಟ್ಟಿಸಿ ನೋಡಿದಳು. ಏನೋ ಹೇಳಲು ಬಾಯಿ ತೆರೆದು ಮುಚ್ಚಿದಳು. ಆ ತೆರೆದು ಮುಚ್ಚಿದ ಬಾಯಿಯಲ್ಲಿ ಏನಿತ್ತು ಎಂದು ತಿಳಿಯಲು ಸೇವಂತಿ ಆ ಕ್ಷಣ ಏನನ್ನಾದರೂ ಕೊಡುತ್ತಿದ್ದಳು. ಕೃಷ್ಣಮೋಹನ ಎಂಬ ಹೆಸರೋ, ಅವನು ಯಾರೆಂದೇ ಮರೆತುಹೋದ ಆಶ್ಚರ್ಯವೋ.

"ಅವರು ಕಡತ ಕದಿಯಲಿಕ್ಕೆ ಹೇಳಿದ್ದು ನೀನು ಬರೆದು ಕೊಡ್ತೀಯಾ?" ಎಂದಳು ಸುರಕ್ಷಾ. "ಮಗಳ ವಿಷಯ ಕೋರ್ಟಿಗೆ ಹೋದ್ರೆ ನನಗೆ ಬೇಕಾದೀತು. ಹುಚ್ಚಿ ಅಂತ ಮಾಡ್ಲಿಕ್ಕೆ ಯಾರೆಲ್ಲ ಸೇರಿದ್ರು ಅಂತ ಗೊತ್ತಾಗ್ಲಿ. ಮಾತು ಸಾಲದು. ಕಾಗದ ಬೇಕು."

ಜಸೀನಾ ಬಿಳಿ ಹಾಳೆ ಮತ್ತು ಪೆನ್ನು ತಂದಿಟ್ಟಳು. "ಇದನ್ನು ಕೋರ್ಟು ಓದಬಹುದು. ಓದಿದ್ರೆ ನಿಮ್ಮ ಗಂಡನಿಗೂ ಗೊತ್ತಾಗ್ತದೆ, ಊರಿಗೂ. ಗೊತ್ತಿದ್ದು ಬರೀರಿ. ಬರೀದಿದ್ರೂ ಯಾರೂ ಒತ್ತಾಯ ಮಾಡುದಿಲ್ಲ."

ಸೇವಂತಿ ಬರೆಯಲು ಕೂತಳು. ಹೆಸರು, ಊರು, ಕೆಲಸ. ಆಮೇಲೆ, 'ದಿನಾಂಕ ಇಷ್ಟನೆಯ ಗುರುವಾರ ಸದ್ರಿ ಚೀಲವನ್ನು ನಾನು ಉಪಕಾರದ ದೃಷ್ಟಿಯಿಂದ, ಗೊತ್ತಿಲ್ಲದೆ' ಎಂದು ಕೈ ತಾನಾಗಿಯೇ ಬರೆದುಕೊಂಡು ಹೋಯಿತು. ಒಳ್ಳೆಯ ಸಾಲು. ಎಲ್ಲರೂ ನಂಬುವ ಸಾಲು. ಬಸ್ಸಿನಲ್ಲಿ ಚೀಲ ಕಳುಹಿಸದವರು ಈ ಮೂರು ತಾಲೂಕಿನಲ್ಲಿ ಯಾರಿದ್ದಾರೆ? ಆ ಸಾಲಿನೊಳಗೆ ಅವಳಿಗೆ ಕೆಲಸ ಹೋದರೂ ಮನೆ ಉಳಿಯುತ್ತಿತ್ತು. ಕೃಷ್ಣಮೋಹನ "ಪಾಪ, ಒಳ್ಳೇದು ಮಾಡ್ಲಿಕ್ಕೆ ಹೋಗಿ ಹೀಗಾಯ್ತು" ಎನ್ನುತ್ತಿದ್ದ. ಆದರೆ ರೂಪೇಶನ ವಕೀಲ ಎದ್ದು ನಿಂತು, ಚೀಲ ಕಳುಹಿಸಿದ್ದೇ ಗೊತ್ತಿಲ್ಲದೆ ಎನ್ನುವವಳಿಗೆ ನನ್ನ ಕಕ್ಷಿದಾರ ಏನು ಕೇಳಿದ ಎಂಬುದೂ ಸರಿಯಾಗಿ ಗೊತ್ತಿಲ್ಲ ಎಂದರೆ?

ಸುರಕ್ಷಾ ಕಿಟಕಿಯ ಹತ್ತಿರ ನಿಂತಿದ್ದಳು, ಬೆನ್ನು ಹಾಕಿ. ಹಸಿರು ಚೂಡಿದಾರ. ಚೆನ್ನಾಗಿ ಕಾಣುತ್ತಿದ್ದಳು, ಈ ಹೊತ್ತಿನಲ್ಲೂ. ಸೇವಂತಿಯ ಹೊಟ್ಟೆಯಲ್ಲಿ ಅದೇ ಉರಿ, ಸ್ವಲ್ಪವೂ ಕಡಿಮೆಯಾಗಿರಲಿಲ್ಲ. ಒಳ್ಳೆಯವಳಾಗಿ ಬಿಟ್ಟಿದ್ದೇನೆ ಎಂದು ಅವಳಿಗೆ ಅನಿಸಲಿಲ್ಲ. ಎರಡನೆಯ ಹಾಳೆ ಓದುತ್ತೀಯಾ ಎಂದು ಯಾರಾದರೂ ಈಗ ಕೇಳಿದರೂ ಎದ್ದು ಹೋಗಿ ಓದಿಯಾಳು.

ಅವಳು 'ಉಪಕಾರದ ದೃಷ್ಟಿಯಿಂದ, ಗೊತ್ತಿಲ್ಲದೆ' ಎಂಬುದರ ಮೇಲೆ ಗೆರೆ ಎಳೆದಳು. ಅದು ಕೆಳಗೆ ಇನ್ನೂ ಓದಲು ಬರುತ್ತಿತ್ತು, ಇರಲಿ ಎಂದು ಬಿಟ್ಟಳು. ಪಕ್ಕದಲ್ಲಿ ಬರೆದಳು. 'ಬೇಕೆಂದೇ ಕಳುಹಿಸಿದೆ. ನನ್ನ ಗಂಡನಿಗೆ ಹಿಂದೆ ನಿಶ್ಚಯವಾಗಿದ್ದ ಹೆಂಗಸಿನ ಮೇಲಿನ ಮತ್ಸರದಿಂದ, ಅವಳ ಮನೆಯಲ್ಲಿ ಗೊತ್ತಾಗಲಿ ಎಂದೇ ಕಳುಹಿಸಿದೆ. ಅದೇ ಕಾರಣ ತೋರಿಸಿ ಸದ್ರಿ ರೂಪೇಶ್ ಎಂಬವರು ಸೋಮವಾರ ಸಂಜೆ ನನ್ನ ಬಳಿ ಕೇಳಿದ್ದೇನೆಂದರೆ...'

ಹಾಳೆಯ ಒಂದು ಬದಿ ತುಂಬಿತು. ಅವಳು ತಿರುಗಿಸಿ ಬರೆಯುತ್ತಾ ಹೋದಳು.